ಕ್ಲೌಡ್‌ನಲ್ಲಿಟ್ಟ ಲೆಕ್ಕಪತ್ರ: ತಂತ್ರಾಂಶದ ಅಪ್‌ಡೇಟ್ ನಡುವೆ ನಿಂತಾಗ ಏನು ಮಾಡಬೇಕು?

2025ರ ಸೆಪ್ಟೆಂಬರ್ 3ರಂದು ಸೇರಿದ ಜಿ.ಎಸ್.ಟಿ. ಮಂಡಳಿಯ 56ನೆಯ ಸಭೆಯು ಶೇ. 12 ಮತ್ತು ಶೇ. 28ರ ದರಗಳನ್ನು ಬಹುಮಟ್ಟಿಗೆ ಕೈಬಿಟ್ಟು, ಹೆಚ್ಚಿನ ಸರಕುಗಳನ್ನು ಶೇ. 5 ಮತ್ತು ಶೇ. 18ರ ದರಗಳಿಗೆ ತಂದಿತು. ಸಿಮೆಂಟು ಶೇ. 28ರಿಂದ 18ಕ್ಕೆ ಇಳಿಯಿತು. ಟ್ರ್ಯಾಕ್ಟರು, ಹನಿ ನೀರಾವರಿ ಸಾಧನಗಳು ಶೇ. 12ರಿಂದ 5ಕ್ಕೂ, ತಲೆಗೆ ಹಚ್ಚುವ ಎಣ್ಣೆ, ಸ್ನಾನದ ಸಾಬೂನು ಶೇ. 18ರಿಂದ 5ಕ್ಕೂ ಇಳಿದವು. ಹೊಸ ದರಗಳು ಅದೇ ತಿಂಗಳ 22ರಿಂದ ಜಾರಿಗೆ ಬಂದವು. ಸಭೆಗೂ ಜಾರಿಗೂ ನಡುವೆ ವರ್ತಕರಿಗೆ ದೊರೆತದ್ದು ಹತ್ತೊಂಬತ್ತು ದಿನಗಳು ಮಾತ್ರ. ಅಷ್ಟರಲ್ಲಿ ಲೆಕ್ಕಪತ್ರದ ತಂತ್ರಾಂಶವನ್ನು ಹೊಸ ಆವೃತ್ತಿಗೆ ತರಬೇಕು, ಸರಕುಪಟ್ಟಿಯಲ್ಲಿನ ದರಗಳನ್ನು ತಿದ್ದಬೇಕು, ಬಿಲ್ಲಿನ ನಮೂನೆಯನ್ನು ಪರೀಕ್ಷಿಸಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ನನ್ನ ಕಕ್ಷಿದಾರರಲ್ಲಿ ಅನೇಕರು ಈ ಕೆಲಸವನ್ನು ಕೊನೆಯ ದಿನಕ್ಕೆ ಇಟ್ಟುಕೊಂಡರು. ಆ ಭಾನುವಾರ ಮಹಾಲಯ ಅಮಾವಾಸ್ಯೆ ಬೇರೆ. ಸಂಜೆಯ ಹೊತ್ತಿಗೆ ಬಂದ ದೂರವಾಣಿ ಕರೆಗಳೆಲ್ಲ ಒಂದೇ ಬಗೆಯವು: “ಅಪ್‌ಡೇಟ್ ಅರ್ಧಕ್ಕೆ ನಿಂತಿದೆ, ಕಂಪನಿ ತೆರೆಯುತ್ತಿಲ್ಲ, ನಾಳೆ ಬಿಲ್ಲು ಹೇಗೆ ಹರಿಯುವುದು?”

ಈ ಲೇಖನ ಆ ಪ್ರಶ್ನೆಯನ್ನು ಕುರಿತದ್ದು. ದರಗಳು ಮುಂದೆಯೂ ಬದಲಾಗುತ್ತವೆ, ನಮೂನೆಗಳೂ ಬದಲಾಗುತ್ತವೆ. ಆದುದರಿಂದ ತಂತ್ರಾಂಶದ ಅಪ್‌ಡೇಟ್ ಎಂಬುದು ಇನ್ನು ಮುಂದೆ ಅಂಗಡಿಯ ತೂಕದ ಕಲ್ಲುಗಳಿಗೆ ಮುದ್ರೆ ಹಾಕಿಸುವಷ್ಟೇ ನಿಯತವಾದ ಕೆಲಸ. ಇಂಥ ಪ್ರಕರಣಗಳಲ್ಲಿ ನಾನು ಕಂಡುಕೊಂಡ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಪ್‌ಡೇಟ್ ವಿಫಲವಾದುದರಿಂದ ಲೆಕ್ಕ ಕಳೆದುಹೋಗುವುದು ಅಪರೂಪ. ವಿಫಲವಾದ ಮೊದಲ ಅರ್ಧ ಗಂಟೆಯಲ್ಲಿ ಗಾಬರಿಯಿಂದ ನಾವು ಒತ್ತುವ ಗುಂಡಿಗಳಿಂದ ಕಳೆದುಹೋಗುವುದೇ ಹೆಚ್ಚು.

ಕ್ಲೌಡ್ ಎಂದರೆ ಯಾವ ಕ್ಲೌಡ್?

ಮಳೆಯ ಮೋಡವನ್ನು ನಂಬಿಯೇ ಬಿತ್ತನೆ ಮಾಡುವ ನಮ್ಮ ಬಯಲುಸೀಮೆಯಲ್ಲಿ ‘ಕ್ಲೌಡ್’ ಎಂಬ ಹೆಸರೇ ತುಸು ದಿಗಿಲು ಹುಟ್ಟಿಸುವಂಥದ್ದು. ವಾಸ್ತವದಲ್ಲಿ ಅದು ಬೇರೆ ಊರಿನಲ್ಲಿರುವ, ಬಾಡಿಗೆಗೆ ಪಡೆದ ಗಣಕಯಂತ್ರವಲ್ಲದೆ ಮತ್ತೇನೂ ಅಲ್ಲ. ಆದರೆ ನಮ್ಮ ವರ್ತಕರು ಒಂದೇ ಹೆಸರಿನಿಂದ ಕರೆಯುವ ವ್ಯವಸ್ಥೆಗಳು ಮೂರು. ತೊಂದರೆ ಬಂದಾಗ ತಮ್ಮದು ಯಾವುದೆಂದು ತಿಳಿಯದಿದ್ದರೆ ಮುಂದಿನ ಹೆಜ್ಜೆ ತಪ್ಪುತ್ತದೆ.

ಮೊದಲನೆಯದರಲ್ಲಿ ತಂತ್ರಾಂಶವೂ ಲೆಕ್ಕವೂ ಬೇರೆಯವರ ಸರ್ವರ್‌ನಲ್ಲಿ ಇರುತ್ತವೆ. ನಾವು ಅಂಗಡಿಯಿಂದ ಅಂತರಜಾಲದ ಮೂಲಕ ಆ ಯಂತ್ರದ ಪರದೆಯನ್ನು ನೋಡುತ್ತ ಕೆಲಸ ಮಾಡುತ್ತೇವೆ. ಟ್ಯಾಲಿಯನ್ನು ಮಾಸಿಕ ಬಾಡಿಗೆಯ ಸರ್ವರ್‌ನಲ್ಲಿ ನಡೆಸುವವರದು ಈ ಬಗೆ. ಎರಡನೆಯದರಲ್ಲಿ ತಂತ್ರಾಂಶ ನಮ್ಮ ಯಂತ್ರದಲ್ಲೇ ಇದ್ದು, ಲೆಕ್ಕದ ಫೋಲ್ಡರನ್ನು ಮಾತ್ರ ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್‌ಗೆ ಜೋಡಿಸಿರುತ್ತೇವೆ. ಇಲ್ಲಿ ಆದ ಬದಲಾವಣೆ ತಾನಾಗಿಯೇ ಅಲ್ಲಿಗೂ ಹೋಗುತ್ತದೆ. ಮೂರನೆಯದರಲ್ಲಿ ಎಲ್ಲವೂ ಬ್ರೌಸರಿನಲ್ಲೇ ನಡೆಯುತ್ತದೆ, ಜೋಹೋ ಬುಕ್ಸ್‌ನಂತೆ. ಇದರಲ್ಲಿ ಅಪ್‌ಡೇಟ್ ಮಾಡುವವರು ಒದಗಿಸುವ ಸಂಸ್ಥೆಯವರೇ. ತೊಂದರೆ ಬಂದರೆ ಕಾಯುವುದು, ದೂರು ದಾಖಲಿಸುವುದು, ಅಷ್ಟೇ ನಮ್ಮ ಪಾಲಿನ ಕೆಲಸ. ಆದಕಾರಣ ಮೂರನೆಯದನ್ನು ಇಲ್ಲಿಗೇ ಬಿಡುತ್ತೇನೆ.

ಎರಡನೆಯ ಬಗೆ ನಮ್ಮಲ್ಲಿ ಸಾಮಾನ್ಯ, ಏಕೆಂದರೆ ಅದಕ್ಕೆ ಖರ್ಚಿಲ್ಲ. ಗೂಗಲ್ ಖಾತೆಯೊಂದಕ್ಕೆ 15 ಜಿ.ಬಿ. ಸ್ಥಳ ಉಚಿತವಾಗಿಯೇ ದೊರೆಯುತ್ತದೆ. ಆದರೆ ಅಪಾಯ ಹೆಚ್ಚು ಇರುವುದೂ ಇಲ್ಲಿಯೇ. ಟ್ಯಾಲಿಯಂಥ ತಂತ್ರಾಂಶ ಒಂದು ಕಂಪನಿಯ ಲೆಕ್ಕವನ್ನು 10000 ಎಂಬಂಥ ಸಂಖ್ಯೆಯ ಫೋಲ್ಡರಿನಲ್ಲಿ ಹಲವು ಕಡತಗಳಾಗಿ ಇಡುತ್ತದೆ. ಆ ಕಡತಗಳು ಒಂದೇ ಕ್ಷಣದವಾಗಿದ್ದರೆ ಮಾತ್ರ ಪರಸ್ಪರ ಹೊಂದುತ್ತವೆ. ಕಂಪನಿ ತೆರೆದಿರುವಾಗಲೇ ಡ್ರೈವ್ ಒಂದೊಂದಾಗಿ ಕಡತಗಳನ್ನು ಮೇಲಕ್ಕೆ ಸಾಗಿಸುತ್ತದೆ. ನಡುವೆ ಅಂತರಜಾಲ ಕಡಿದರೆ ಅಲ್ಲಿ ಅರ್ಧ ಇಂದಿನ, ಅರ್ಧ ನಿನ್ನೆಯ ಲೆಕ್ಕ ಉಳಿಯುತ್ತದೆ. ಇನ್ನೂ ಮುಖ್ಯವಾದುದು, ಜೋಡಣೆ ಎಂಬುದು ಕನ್ನಡಿಯಿದ್ದಂತೆ. ಇಲ್ಲಿ ಲೆಕ್ಕ ಕೆಟ್ಟರೆ ಅಲ್ಲಿಯೂ ಕೆಡುತ್ತದೆ, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಅದನ್ನು ಬ್ಯಾಕಪ್ ಎಂದು ಕರೆಯುವುದು ಸರಿಯಲ್ಲ. ಬ್ಯಾಕಪ್ ಎಂದರೆ ಮೂಲದೊಡನೆ ನಂಟು ಕಡಿದುಕೊಂಡು ಪ್ರತ್ಯೇಕವಾಗಿರುವ ಪ್ರತಿ.

ಗೂಗಲ್‌ನವರಿಗೇ 2011ರ ಫೆಬ್ರವರಿಯಲ್ಲಿ ಇದರ ಅನುಭವವಾಯಿತು. ಸಂಗ್ರಹಣಾ ವ್ಯವಸ್ಥೆಯ ತಂತ್ರಾಂಶಕ್ಕೆ ಮಾಡಿದ ಅಪ್‌ಡೇಟ್‌ನಲ್ಲಿ ದೋಷವಿದ್ದು, ಜಿಮೇಲ್ ಬಳಕೆದಾರರಲ್ಲಿ ಶೇ. 0.02ರಷ್ಟು ಮಂದಿಯ ಅಂಚೆಯೆಲ್ಲ ಕಾಣೆಯಾಯಿತು. ಅವರು ಪ್ರತಿಯೊಂದು ಸಂದೇಶದ ಹಲವು ಪ್ರತಿಗಳನ್ನು ಬೇರೆ ಬೇರೆ ಕೇಂದ್ರಗಳಲ್ಲಿ ಇಟ್ಟಿದ್ದರು. ಆದರೆ ಅವೆಲ್ಲವೂ ಒಂದೇ ತಂತ್ರಾಂಶದ ಆಜ್ಞೆಗೆ ಒಳಪಟ್ಟಿದ್ದುದರಿಂದ ಆ ದೋಷ ಹಲವು ಪ್ರತಿಗಳನ್ನು ಏಕಕಾಲಕ್ಕೆ ತಟ್ಟಿತು. ಕಡೆಗೆ ಉಳಿಸಿದ್ದು ಕಪಾಟಿನಲ್ಲಿದ್ದ ಮ್ಯಾಗ್ನೆಟಿಕ್ ಟೇಪುಗಳು. ಅಷ್ಟು ದೊಡ್ಡ ಸಂಸ್ಥೆಗೇ ಜೋಡಣೆಯಿಲ್ಲದ ಪ್ರತಿ ಬೇಕಾಯಿತೆಂದರೆ, ನಮ್ಮ ಅಂಗಡಿಗೆ ಐದುನೂರು ರೂಪಾಯಿಯ ಪೆನ್‌ಡ್ರೈವ್ ಒಂದು ಭಾರವಾಗಲಾರದು.

ಮೊದಲ ಅರ್ಧ ಗಂಟೆ

ಅಪ್‌ಡೇಟ್ ನಿಂತಾಗ ಪರದೆಯ ಮೇಲೆ ಕಾಣುವ ಸಂದೇಶವನ್ನು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆಯಿರಿ. ದಿನಾಂಕ, ವೇಳೆ, ಯಾವ ಆವೃತ್ತಿಯಿಂದ ಯಾವ ಆವೃತ್ತಿಗೆ ಹೋಗುತ್ತಿತ್ತು ಎಂಬುದನ್ನು ಕಾಗದದಲ್ಲಿ ಬರೆದಿಡಿ. ಅನಂತರ ಎಲ್ಲ ಬಳಕೆದಾರರಿಗೂ, ಅಂದರೆ ಶಾಖೆಯ ಗುಮಾಸ್ತರಿಗೂ ಮನೆಯಿಂದ ಲೆಕ್ಕ ನೋಡುವ ಮಗನಿಗೂ, ತಂತ್ರಾಂಶ ಮುಟ್ಟದಂತೆ ತಿಳಿಸಿ. ಎರಡನೆಯ ಬಗೆಯ ವ್ಯವಸ್ಥೆಯಾದರೆ ಡ್ರೈವಿನ ಜೋಡಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಅದು ಸಿಗದಿದ್ದರೆ ಅಂತರಜಾಲದ ತಂತಿಯನ್ನೇ ತೆಗೆಯಿರಿ. ಆಮೇಲೆ ಲೆಕ್ಕದ ಫೋಲ್ಡರು ಈಗ ಯಾವ ಸ್ಥಿತಿಯಲ್ಲಿದೆಯೋ ಅದೇ ಸ್ಥಿತಿಯಲ್ಲಿ, ಅದು ಕೆಟ್ಟಿದ್ದರೂ ಸರಿಯೇ, ಬೇರೊಂದು ಹೆಸರಿನಲ್ಲಿ ಪ್ರತಿ ಮಾಡಿಕೊಳ್ಳಿ. ಕೆಟ್ಟ ಪ್ರತಿ ಏತಕ್ಕೆ ಎಂದು ಅನೇಕರು ಕೇಳುತ್ತಾರೆ. ಬಲ್ಲವರು ಅದರಿಂದಲೇ ಲೆಕ್ಕವನ್ನು ಹೊರತೆಗೆಯಬಲ್ಲರು. ಅದರ ಮೇಲೆ ಹಳೆಯದನ್ನು ಬರೆದುಬಿಟ್ಟರೆ ಅವರಿಗೂ ಏನೂ ಉಳಿಯುವುದಿಲ್ಲ.

ತಂತ್ರಾಂಶವನ್ನು ಪೂರ್ತಿ ತೆಗೆದು ಮತ್ತೆ ಹಾಕುವುದನ್ನು ಈ ಹಂತದಲ್ಲಿ ಮಾಡಲೇಬಾರದು. ಖಾತೆಯ ಸಂಪರ್ಕ ಕಡಿದು ಪುನಃ ಜೋಡಿಸುವುದು, ‘ಇದನ್ನು ಅಳಿಸಿದರೆ ಸರಿಹೋಗುತ್ತದೆ’ ಎಂದು ಯಾರೋ ಹೇಳಿದ ಫೋಲ್ಡರನ್ನು ಅಳಿಸುವುದು ಇವೂ ಹಾಗೆಯೇ. 2023ರ ನವೆಂಬರಿನಲ್ಲಿ ಗೂಗಲ್ ಡ್ರೈವಿನ ಗಣಕಯಂತ್ರದ ತಂತ್ರಾಂಶದ 84ನೆಯ ಆವೃತ್ತಿಯಲ್ಲಿ ದೋಷ ಕಾಣಿಸಿಕೊಂಡು ಕೆಲವರ ತಿಂಗಳುಗಟ್ಟಲೆ ಕಡತಗಳು ಮಾಯವಾದವು. ಆಗ ಗೂಗಲ್ ನೀಡಿದ ಮೊದಲ ಸೂಚನೆಗಳು ಎರಡೇ: ಖಾತೆಯ ಸಂಪರ್ಕ ಕಡಿಯುವ ಗುಂಡಿಯನ್ನು ಒತ್ತಬೇಡಿ, ತಂತ್ರಾಂಶದ ಒಳಫೋಲ್ಡರನ್ನು ಅಳಿಸಲೂ ಬೇಡಿ ಸರಿಸಲೂ ಬೇಡಿ. ಇನ್ನೂ ಮೇಲಕ್ಕೆ ಹೋಗದ ಕಡತಗಳ ಪ್ರತಿ ಯಂತ್ರದೊಳಗಿನ ಆ ಫೋಲ್ಡರಿನಲ್ಲಿಯೇ ಉಳಿದಿರುತ್ತಿತ್ತು. ಡಿಸೆಂಬರಿನಲ್ಲಿ ಮರಳಿ ಪಡೆಯುವ ಸೌಲಭ್ಯದೊಡನೆ ಹೊಸ ಆವೃತ್ತಿ ಬಂದಾಗ ಹಾಗೆಯೇ ಬಿಟ್ಟವರಿಗೆ ಕಡತ ಸಿಗುವ ಅವಕಾಶವಿತ್ತು. ಗಾಬರಿಯಿಂದ ಎಲ್ಲವನ್ನೂ ತೆಗೆದು ಹೊಸದಾಗಿ ಹಾಕಿಕೊಂಡವರು ಆ ಅವಕಾಶವನ್ನು ತಾವೇ ಕಳೆದುಕೊಂಡಂತೆ.

ನಿಂತದ್ದು ಏಕೆ?

ಕಾರಣ ಹುಡುಕುವಾಗ ಮೊದಲು ನಿರ್ಧರಿಸಬೇಕಾದದ್ದು ದೋಷ ನಮ್ಮ ಕಡೆಯದೋ ಆಚೆ ಕಡೆಯದೋ ಎಂಬುದು. ಅಂಗಡಿಯ ಬ್ರಾಡ್‌ಬ್ಯಾಂಡ್ ಬಿಟ್ಟು ಮೊಬೈಲಿನ ಸಂಪರ್ಕದಿಂದ ಪ್ರಯತ್ನಿಸಿ ನೋಡಿ. ಅದೇ ಸರ್ವರ್ ಬಳಸುವ ಮತ್ತೊಬ್ಬ ವರ್ತಕರನ್ನು ವಿಚಾರಿಸಿ. ಅವರಿಗೂ ಅದೇ ತೊಂದರೆಯಾದರೆ ನಿಮ್ಮ ಯಂತ್ರವನ್ನು ಬಿಚ್ಚಿಸುವ ಅಗತ್ಯವಿಲ್ಲ. 2018ರ ಫೆಬ್ರವರಿ 1ರಂದು ಇ-ವೇ ಬಿಲ್ಲು ದೇಶದಾದ್ಯಂತ ಕಡ್ಡಾಯವಾದ ಮೊದಲ ದಿನವೇ ಜಾಲತಾಣ ಭಾರ ತಾಳದೆ ಕುಸಿದು, ಜಾರಿಯನ್ನು ಏಪ್ರಿಲ್ 1ಕ್ಕೆ ಮುಂದೂಡಬೇಕಾಯಿತು. ಅಂಥ ದಿನ ಎಷ್ಟೇ ಒಳ್ಳೆಯ ಗಣಕಯಂತ್ರವಿದ್ದರೂ ಪ್ರಯೋಜನವಿಲ್ಲ.

ದೋಷ ನಮ್ಮ ಕಡೆಯದೇ ಆದರೆ ಕಾರಣಗಳು ಸಾಮಾನ್ಯವಾಗಿ ಸಣ್ಣವು. ಅವುಗಳಲ್ಲಿ ಒಂದನ್ನು ಕುರಿತು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ವಿದ್ಯುತ್ತೂ ಅಂತರಜಾಲವೂ ಆಗಾಗ ಕೈಕೊಡುವ ನಮ್ಮ ಊರುಗಳಲ್ಲಿ ಇದೇ ಮೊದಲ ಸ್ಥಾನದಲ್ಲಿದೆ.

ಬಾಡಿಗೆಯ ಸರ್ವರ್‌ನಲ್ಲಿ ಕೆಲಸ ಮಾಡುವಾಗ ನಿಮ್ಮ ಪರದೆಯ ಮೂಲೆಯ ಗುಣಿಸುವ ಗುರುತನ್ನು ಒತ್ತಿದರೆ ಕಿಟಕಿ ಮುಚ್ಚುತ್ತದೆ; ಆದರೆ ಸರ್ವರ್‌ನಲ್ಲಿ ನಿಮ್ಮ ಕೆಲಸ ಮುಗಿದಿರುವುದಿಲ್ಲ. ಅಂಗಡಿಗೆ ಬೀಗ ಹಾಕದೆ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು ಹೋದಂತೆ, ಒಳಗೆ ದೀಪವೂ ಉರಿಯುತ್ತಿರುತ್ತದೆ, ಕಿರ್ದಿ ಪುಸ್ತಕವೂ ತೆರೆದೇ ಇರುತ್ತದೆ. ವಿದ್ಯುತ್ ಹೋದಾಗ, ಅಂತರಜಾಲ ಕಡಿದಾಗ ಆಗುವುದೂ ಇದೇ. ‘ಲಾಗ್ ಆಫ್’ ಅಥವಾ ‘ಸೈನ್ ಔಟ್’ ಒತ್ತಿದರೆ ಮಾತ್ರ ಅಲ್ಲಿನ ಕಡತಗಳು ಮುಚ್ಚುತ್ತವೆ. ಹೀಗೆ ತೆರೆದೇ ಉಳಿದ ಕಡತವನ್ನು ಅಪ್‌ಡೇಟ್ ಬದಲಾಯಿಸಲು ಹೋದಾಗ ‘ಕಡತ ಬಳಕೆಯಲ್ಲಿದೆ’ ಎಂದು ನಿಲ್ಲುತ್ತದೆ. ಕೆಲವೊಮ್ಮೆ ನಿಲ್ಲದೆ, ಕೆಲವನ್ನು ಬದಲಾಯಿಸಿ ಕೆಲವನ್ನು ಬಿಟ್ಟು ಮುಂದುವರಿಯುತ್ತದೆ. ಅದು ಇನ್ನೂ ಕೆಟ್ಟದ್ದು.

ನಾನು ಕಂಡ ಒಂದು ಪ್ರಕರಣದಲ್ಲಿ ಸಂಸ್ಥೆಯ ಅಂಗಡಿ ಕೂಡ್ಲಿಗಿಯಲ್ಲಿ, ಶಾಖೆ ಹಗರಿಬೊಮ್ಮನಹಳ್ಳಿಯಲ್ಲಿ. ಸಿಮೆಂಟು, ಕಬ್ಬಿಣದ ವ್ಯಾಪಾರ. ಶಾಖೆಯಲ್ಲಿ ಮಧ್ಯಾಹ್ನ ವಿದ್ಯುತ್ ಹೋಯಿತು, ಗುಮಾಸ್ತರು ಮನೆಗೆ ಹೋದರು. ಸಂಜೆ ಕೂಡ್ಲಿಗಿಯಲ್ಲಿ ಅಪ್‌ಡೇಟ್ ಆರಂಭವಾಯಿತು. ಸಂಸ್ಥೆಯ ಎರಡು ಕಂಪನಿಗಳಲ್ಲಿ ಒಂದರ ಲೆಕ್ಕ ಹೊಸ ಆವೃತ್ತಿಗೆ ಪರಿವರ್ತನೆಯಾಯಿತು. ಶಾಖೆಯವರು ತೆರೆದಿಟ್ಟಿದ್ದ ಇನ್ನೊಂದರದು ನಡುವೆ ನಿಂತಿತು. ಸರ್ವರ್ ಒದಗಿಸುವವರಿಗೆ ಕರೆ ಮಾಡಿ ‘ನಿಮ್ಮ ಶಾಖೆಯ ಬಳಕೆದಾರರ ಸೆಷನ್ ತೆರೆದಿದೆ, ಮುಚ್ಚಲೇ?’ ಎಂಬ ಒಂದು ಪ್ರಶ್ನೆಗೆ ಹೂಂ ಎಂದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಅದರ ಬದಲು ಪರಿಚಯದ ಹುಡುಗನೊಬ್ಬ ಆರು ದಿನ ಹಳೆಯ ಬ್ಯಾಕಪ್ಪನ್ನು ಇದ್ದ ಲೆಕ್ಕದ ಮೇಲೆಯೇ ಬರೆದುಬಿಟ್ಟ. ಆರು ದಿನದ ಬಿಲ್ಲುಗಳನ್ನು ಮುದ್ರಿತ ಪ್ರತಿ, ಇ-ವೇ ಬಿಲ್ಲು, ಬ್ಯಾಂಕಿನ ವಿವರಗಳಿಂದ ಒಂದೊಂದಾಗಿ ಮತ್ತೆ ಏರಿಸಬೇಕಾಯಿತು. ಉದ್ರಿ ಕೊಟ್ಟ ಬಿಲ್ಲುಗಳು ಹೇಗೋ ಸಿಕ್ಕವು. ರೋಕಡ ಮಾರಾಟದ ಚಿಲ್ಲರೆ ಬಿಲ್ಲುಗಳಲ್ಲಿ ಕೆಲವು ಕಡೆಗೂ ಸಿಗಲಿಲ್ಲ.

ಕೆಲಸ ನಡೆಯುತ್ತಿರುವಾಗಲೇ ಬದಲಾವಣೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಉದಾಹರಣೆ ಇನ್ನೂ ದೊಡ್ಡದು. 2021ರ ಡಿಸೆಂಬರಿನಲ್ಲಿ ಅಲ್ಲಿನ ಮಹಾಗಣಕದ ಬ್ಯಾಕಪ್ ತೆಗೆಯುವ ಕಾರ್ಯಕ್ರಮ ಓಡುತ್ತಿರುವಾಗಲೇ ಅದರ ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಬರೆಯಲಾಯಿತು. ಅರ್ಧ ಹಳೆಯದು ಅರ್ಧ ಹೊಸದಾಗಿ ಓಡಿದ ಆ ಕಾರ್ಯಕ್ರಮವು ಹಳೆಯ ದಾಖಲೆ ಕಡತಗಳನ್ನು ಅಳಿಸುವ ಬದಲು ಸುಮಾರು 3 ಕೋಟಿ 40 ಲಕ್ಷ ಸಂಶೋಧನಾ ಕಡತಗಳನ್ನು, ಅಂದರೆ 77 ಟೆರಾಬೈಟಿನಷ್ಟು ಮಾಹಿತಿಯನ್ನು ಅಳಿಸಿತು. ಹದಿನಾಲ್ಕು ಸಂಶೋಧನಾ ತಂಡಗಳಿಗೆ ಪೆಟ್ಟು ಬಿದ್ದು, ನಾಲ್ಕು ತಂಡಗಳ ಮಾಹಿತಿ ಮರಳಿ ಬರಲೇ ಇಲ್ಲ. ಬ್ಯಾಕಪ್ ತೆಗೆಯುವ ಕಾರ್ಯಕ್ರಮವೇ ಹೀಗೆ ಮಾಡಿತೆಂಬುದನ್ನು ಗಮನಿಸಬೇಕು.

ಉಳಿದ ಕಾರಣಗಳನ್ನು ಬೇಗ ಮುಗಿಸಬಹುದು. ಸರ್ವರ್‌ನಲ್ಲಿ ಬಾಡಿಗೆ ಪಡೆದ ಸ್ಥಳ ತುಂಬಿರಬಹುದು. ಪರಿವರ್ತನೆಯ ವೇಳೆ ಹಳೆಯ ಲೆಕ್ಕವೂ ಹೊಸ ಲೆಕ್ಕವೂ ಏಕಕಾಲಕ್ಕೆ ಇರಬೇಕಾದ್ದರಿಂದ ಲೆಕ್ಕದ ಗಾತ್ರದ ಎರಡರಷ್ಟಾದರೂ ಜಾಗ ಖಾಲಿ ಇಟ್ಟುಕೊಳ್ಳಬೇಕು. ಹಳೆಯ ಬ್ಯಾಕಪ್ಪುಗಳನ್ನು ಅಲ್ಲಿಯೇ ರಾಶಿ ಹಾಕಿದವರಿಗೆ ಈ ತೊಂದರೆ ನಿಶ್ಚಿತ. ಇಳಿಸಿಕೊಂಡ ಕಡತ ಅಪೂರ್ಣವಾಗಿರಬಹುದು; ಅದನ್ನೇ ಮತ್ತೆ ಮತ್ತೆ ಓಡಿಸದೆ ಅಳಿಸಿ ಹೊಸದಾಗಿ ಇಳಿಸಿಕೊಳ್ಳಿ. ತಂತ್ರಾಂಶದ ವಾರ್ಷಿಕ ಸೇವಾ ಚಂದಾ ಮುಗಿದಿದ್ದರೆ ಹೊಸ ಆವೃತ್ತಿ ಒಪ್ಪದು. ನಿಮ್ಮ ವ್ಯಾಪಾರಕ್ಕೆಂದೇ ಬರೆಸಿಕೊಂಡ ಬಿಲ್ಲಿನ ನಮೂನೆ, ದಲಾಲಿ ಲೆಕ್ಕದ ಜೋಡಣೆ ಮುಂತಾದವು ಹೊಸ ಆವೃತ್ತಿಗೆ ಹೊಂದದಿರಬಹುದು. ಅವನ್ನು ನಿಲ್ಲಿಸಿ ತಂತ್ರಾಂಶವನ್ನು ಬರಿದಾಗಿ ತೆರೆದು ನೋಡಿದರೆ ಗೊತ್ತಾಗುತ್ತದೆ. ಯಂತ್ರದಲ್ಲಿ ವಿಂಡೋಸ್ 7 ಇದ್ದರೆ ಅದಕ್ಕೆ ತಯಾರಕರ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ ನಿಂತಿತು. ಇನ್ನೊಂದು ಕಾರಣ ನಗು ತರಿಸುವಂಥದ್ದು, ಆದರೆ ನಮ್ಮಲ್ಲಿ ಕಡಿಮೆಯೇನಲ್ಲ. ಹಳೆಯ ಗಣಕಯಂತ್ರದೊಳಗಿನ ಗುಂಡಿಯಾಕಾರದ ಸಣ್ಣ ಬ್ಯಾಟರಿ ಸತ್ತಿದ್ದರೆ ವಿದ್ಯುತ್ ಹೋಗಿ ಬಂದಾಗಲೆಲ್ಲ ಅದರ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಭದ್ರ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರ ಆ ದಿನಾಂಕಕ್ಕೆ ಇನ್ನೂ ಹುಟ್ಟಿಯೇ ಇರುವುದಿಲ್ಲವಾಗಿ ಸರ್ವರ್‌ನೊಂದಿಗೆ ಸಂಪರ್ಕ ಏರ್ಪಡುವುದಿಲ್ಲ. ದುರಸ್ತಿಗೆ ಬರುವವರು ಸಾವಿರ ರೂಪಾಯಿ ಕೇಳುವ ಮೊದಲು ಪರದೆಯ ಕೆಳಮೂಲೆಯ ದಿನಾಂಕವನ್ನು ಒಮ್ಮೆ ನೋಡುವುದು ಲೇಸು.

ಹಿಂದಕ್ಕೆ ಹೋಗುವುದೂ ಅಪ್‌ಡೇಟೇ

‘ಹಳೆಯ ಆವೃತ್ತಿಯನ್ನೇ ಹಾಕಿಬಿಡೋಣ’ ಎಂಬ ಸಲಹೆ ಸಹಜವಾದರೂ ನಿರಪಾಯವಲ್ಲ. ಹೊಸ ಆವೃತ್ತಿಗೆ ಪರಿವರ್ತನೆಯಾದ ಲೆಕ್ಕವನ್ನು ಹಳೆಯದು ಓದಲಾರದು. ಆದ್ದರಿಂದ ಹಿಂದಿರುಗುವುದಾದರೆ ತಂತ್ರಾಂಶವೂ ಲೆಕ್ಕವೂ ಎರಡೂ ಒಟ್ಟಿಗೆ, ಅಪ್‌ಡೇಟ್‌ಗೆ ಮುಂಚಿನ ಸ್ಥಿತಿಗೆ ಹಿಂದಿರುಗಬೇಕು. ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹವು 2012ರ ಜೂನ್‌ನಲ್ಲಿ ರಾತ್ರಿಯ ಲೆಕ್ಕ ಸಂಸ್ಕರಿಸುವ ತಂತ್ರಾಂಶವನ್ನು ಉನ್ನತೀಕರಿಸಿತು. ತೊಂದರೆ ಕಂಡುಬಂದಾಗ ಸಿಬ್ಬಂದಿ ಅದರ ಪರಿಣಾಮವನ್ನು ಪರೀಕ್ಷಿಸದೆಯೇ ಹೊಸದನ್ನು ತೆಗೆದುಹಾಕಿದರು. ಹಳೆಯ ಆವೃತ್ತಿ ಹೊಸದರೊಡನೆ ಹೊಂದಲಿಲ್ಲ. 65 ಲಕ್ಷ ಗ್ರಾಹಕರ ಖಾತೆಗಳು ಅಸ್ತವ್ಯಸ್ತವಾದವು, ಸಂಬಳ ಜಮೆಯಾಗಲಿಲ್ಲ, ಕಂತುಗಳು ಕಟ್ಟಲಾಗಲಿಲ್ಲ. 2014ರ ನವೆಂಬರಿನಲ್ಲಿ ಅಲ್ಲಿನ ನಿಯಂತ್ರಕರು ವಿಧಿಸಿದ ದಂಡ ಒಟ್ಟು 5 ಕೋಟಿ 60 ಲಕ್ಷ ಪೌಂಡು. ಬೀಳಿಸಿದ್ದು ಮುಂದಕ್ಕೆ ಇಟ್ಟ ಹೆಜ್ಜೆಗಿಂತ ಹಿಂದಕ್ಕೆ ಇಟ್ಟ ಹೆಜ್ಜೆ.

ನಮ್ಮ ಮಟ್ಟದಲ್ಲಿ ಇದಕ್ಕೆ ಪರಿಹಾರ ಸುಲಭ. ಬ್ಯಾಕಪ್ಪನ್ನು ಯಾವಾಗಲೂ ಬೇರೊಂದು ಖಾಲಿ ಫೋಲ್ಡರಿಗೆ ಮರಳಿಸಿ ತೆರೆದು ನೋಡಿ, ಇದ್ದದ್ದರ ಮೇಲೆ ಎಂದಿಗೂ ಬರೆಯಬೇಡಿ. ಸರಿಯಿದ್ದರೆ ಅಲ್ಲಿಂದಲೇ ಕೆಲಸ ಮುಂದುವರಿಸಬಹುದು.

ಅಷ್ಟರವರೆಗೆ ವ್ಯಾಪಾರ ನಿಲ್ಲಿಸಲಾಗದು

ಲಾರಿ ಬಾಗಿಲಲ್ಲಿ ನಿಂತಿರುವಾಗ ತಂತ್ರಾಂಶದ ಕಾರಣ ಹೇಳಲಾಗುವುದಿಲ್ಲ. ಜಿ.ಎಸ್.ಟಿ. ನಿಯಮ 46ರ ಪ್ರಕಾರ ಬಿಲ್ಲಿನ ಸಂಖ್ಯೆಗಳು ಕ್ರಮಾನುಗತವಾಗಿರಬೇಕು, ಹದಿನಾರು ಅಕ್ಷರ ಮೀರಬಾರದು, ಆ ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗಬಾರದು. ಆದರೆ ಒಂದಕ್ಕಿಂತ ಹೆಚ್ಚು ಶ್ರೇಣಿಗಳಿಗೆ ಅವಕಾಶವಿದೆ. ಹೀಗಾಗಿ ಪ್ರತ್ಯೇಕ ಶ್ರೇಣಿಯ ಸಂಖ್ಯೆಗಳನ್ನು ಮುದ್ರಿಸಿದ ಕೈಬಿಲ್ಲಿನ ಪುಸ್ತಕವೊಂದನ್ನು ಪ್ರತಿಯೊಂದು ಅಂಗಡಿಯಲ್ಲೂ ಇಟ್ಟುಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ತಂತ್ರಾಂಶ ಸರಿಹೋದ ಮೇಲೆ ಆ ಬಿಲ್ಲುಗಳನ್ನು ಅದೇ ಸಂಖ್ಯೆಯಲ್ಲಿ ಏರಿಸಿ, ಆ ಶ್ರೇಣಿಯನ್ನು ಜಿ.ಎಸ್.ಟಿ.ಆರ್-1ರ ದಾಖಲೆಗಳ ಕೋಷ್ಟಕದಲ್ಲಿ ತೋರಿಸಿದರೆ ಆಯಿತು. ತಂತ್ರಾಂಶದ ಸಂಖ್ಯೆಯನ್ನು ಅಂದಾಜಿನಿಂದ ಮುಂದುವರಿಸಿ ಕೈಯಲ್ಲಿ ಬರೆಯುವವರಿದ್ದಾರೆ. ಅದರಿಂದ ಒಂದೇ ಸಂಖ್ಯೆಯ ಎರಡು ಬಿಲ್ಲುಗಳಾಗಿ, ಖರೀದಿದಾರರ ಹೂಡುವಳಿ ತೆರಿಗೆಗೆ ತೊಡಕಾಗುತ್ತದೆ.

ಇ-ವೇ ಬಿಲ್ಲನ್ನು ತಂತ್ರಾಂಶದ ಹಂಗಿಲ್ಲದೆ ನೇರವಾಗಿ ಜಾಲತಾಣದಲ್ಲಿಯೇ ಪಡೆಯಬಹುದು. 2025ರ ಜುಲೈ 1ರಿಂದ ಎರಡನೆಯ ಇ-ವೇ ಬಿಲ್ಲು ಜಾಲತಾಣವೂ ಆರಂಭವಾಗಿದ್ದು, ಒಂದು ನಿಂತರೆ ಮತ್ತೊಂದನ್ನು ಬಳಸಬಹುದು. 5 ಕೋಟಿ ರೂಪಾಯಿಗೆ ಮೀರಿದ ವಹಿವಾಟಿನವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯ. ಅವರಲ್ಲಿ 10 ಕೋಟಿ ಮತ್ತು ಮೇಲ್ಪಟ್ಟವರು 2025ರ ಏಪ್ರಿಲ್‌ನಿಂದ ಬಿಲ್ಲಿನ ದಿನಾಂಕದಿಂದ 30 ದಿನದೊಳಗೆ ನೋಂದಾಯಿಸದಿದ್ದರೆ ಜಾಲತಾಣ ಅದನ್ನು ಸ್ವೀಕರಿಸುವುದಿಲ್ಲ. ತಿಂಗಳುಗಟ್ಟಲೆ ‘ನಾಳೆ ಸರಿಮಾಡಿಸೋಣ’ ಎನ್ನುವವರು ಇದನ್ನು ನೆನಪಿಡಬೇಕು.

ಕಾನೂನು ಕೇಳುವುದೇನು?

ಬ್ಯಾಕಪ್ ಎಂಬುದು ಎಚ್ಚರದ ಮಾತಷ್ಟೇ ಎಂದು ತಿಳಿದವರು ಹೆಚ್ಚು. ಜಿ.ಎಸ್.ಟಿ. ನಿಯಮ 57 ಗಣಕಯಂತ್ರದಲ್ಲಿ ಲೆಕ್ಕ ಇಡುವ ಪ್ರತಿಯೊಬ್ಬರಿಗೂ ಬ್ಯಾಕಪ್ಪನ್ನು ಕರ್ತವ್ಯವಾಗಿ ವಿಧಿಸಿದೆ: ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ಲೆಕ್ಕ ನಾಶವಾದರೆ ಯುಕ್ತ ಕಾಲದೊಳಗೆ ಮರಳಿ ಪಡೆಯುವಂತಿರಬೇಕು. ಅಧಿಕಾರಿ ಕೇಳಿದಾಗ ಓದಬಲ್ಲ ರೂಪದಲ್ಲಿ ಒಪ್ಪಿಸಬೇಕು, ಗುಪ್ತಪದವನ್ನೂ ನೀಡಬೇಕು. ನಿಯಮ 56 ತಿದ್ದಿದ ಹಾಗೂ ಅಳಿಸಿದ ಪ್ರತಿ ನಮೂದಿನ ದಾಖಲೆ ಉಳಿಯಬೇಕೆನ್ನುತ್ತದೆ. ಹಳೆಯ ಬ್ಯಾಕಪ್ಪನ್ನು ಮೇಲೆ ಬರೆದಾಗ ಅಳಿಯುವವುಗಳಲ್ಲಿ ಆ ದಾಖಲೆಯೂ ಸೇರಿದೆ. ಇಷ್ಟನ್ನೂ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂದು 36ನೆಯ ಕಲಮು ಹೇಳುತ್ತದೆ. ಅಂದರೆ ಆರು ವರ್ಷ. ಅಷ್ಟು ವರ್ಷಗಳ ಬಳಿಕ ಇಂದಿನ ಕಡತವನ್ನು ತೆರೆಯಲು ಇಂದಿನ ಆವೃತ್ತಿಯೇ ಬೇಕಾದೀತು. ಆದಕಾರಣ ಪ್ರತಿ ವರ್ಷದ ಲೆಕ್ಕದೊಡನೆ ಆ ವರ್ಷ ಬಳಸಿದ ತಂತ್ರಾಂಶದ ಸ್ಥಾಪನಾ ಕಡತವನ್ನೂ, ಮುಖ್ಯ ಪುಸ್ತಕಗಳ ಪಿ.ಡಿ.ಎಫ್. ಪ್ರತಿಯನ್ನೂ ಇಡುವುದು ಒಳ್ಳೆಯದು.

ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಇನ್ನೂ ಎರಡು ಕಟ್ಟುಪಾಡುಗಳಿವೆ. ಪಾಲುದಾರಿಕೆ ಹಾಗೂ ಏಕವ್ಯಕ್ತಿ ಸಂಸ್ಥೆಗಳಿಗೆ ಇವು ಅನ್ವಯಿಸವು. 2022ರ ಆಗಸ್ಟ್‌ನ ತಿದ್ದುಪಡಿಯಂತೆ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿಯೇ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಬೇಕು. 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸುವ, ಆ ಸೌಲಭ್ಯವನ್ನು ನಿಲ್ಲಿಸಲಾಗದ ತಂತ್ರಾಂಶವನ್ನೇ ಬಳಸಬೇಕು. ಅಪ್‌ಡೇಟ್ ಕೆಟ್ಟಿತೆಂದು ಆ ಸೌಲಭ್ಯವಿಲ್ಲದ ಹಳೆಯ ಆವೃತ್ತಿಗೆ ಹಿಂದಿರುಗಿದರೆ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಅದನ್ನು ಬರೆಯಲೇಬೇಕಾಗುತ್ತದೆ. ನಮಗೂ ಅದರಲ್ಲಿ ಬೇರೆ ದಾರಿಯಿಲ್ಲ.

ತಾಳೆ ನೋಡುವುದು

ಅಪ್‌ಡೇಟ್ ಯಶಸ್ವಿಯಾಯಿತೆಂದು ಪರದೆ ಹೇಳಿದ ಮಾತ್ರಕ್ಕೆ ಒಪ್ಪಿಕೊಳ್ಳಬಾರದು. ಕಂಪನಿ ತೆರೆಯಿತೆಂಬುದೂ ಸಾಕ್ಷಿಯಲ್ಲ. ಇಲ್ಲಿ ನಮ್ಮ ಹಳೆಯ ಕಿರ್ದಿ-ಖತಾವಣೆಯ ವಿದ್ಯೆಯೇ ನೆರವಿಗೆ ಬರುತ್ತದೆ. ಅಪ್‌ಡೇಟ್ ಆರಂಭಿಸುವ ಮೊದಲು ಆ ದಿನದ ತಾಳೆಪಟ್ಟಿ, ರೋಕಡ ಶಿಲ್ಕು, ಬ್ಯಾಂಕ್ ಶಿಲ್ಕು, ದಾಸ್ತಾನಿನ ಒಟ್ಟು ಮೌಲ್ಯ, ಕೊನೆಯ ಬಿಲ್ಲಿನ ಸಂಖ್ಯೆ ಮತ್ತು ಆ ತಿಂಗಳ ಒಟ್ಟು ನಮೂದುಗಳ ಸಂಖ್ಯೆ, ಇಷ್ಟನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಮುಗಿದ ಮೇಲೆ ಅವೇ ಅಂಕಿಗಳನ್ನು ಮತ್ತೆ ತೆಗೆದು ಪಕ್ಕಕ್ಕೆ ಇಟ್ಟು ನೋಡಿ. ತಾಳೆಪಟ್ಟಿ ಮಾತ್ರ ಸಾಲದು. ಒಂದು ಮಾರಾಟದ ನಮೂದು ಪೂರ್ತಿಯಾಗಿ ಬಿಟ್ಟುಹೋಗಿದ್ದರೆ ಜಮೆ-ಖರ್ಚು ಎರಡೂ ಕಡೆ ಸಮನಾಗಿಯೇ ಕಡಿಮೆಯಾಗಿ ತಾಳೆ ಕೂಡುತ್ತದೆ. ಆದ್ದರಿಂದಲೇ ನಮೂದುಗಳ ಸಂಖ್ಯೆಯನ್ನು ಎಣಿಸಬೇಕೆನ್ನುತ್ತೇನೆ. ಗುಮಾಸ್ತರು ಇದನ್ನು ಹದಿನೈದು ನಿಮಿಷದಲ್ಲಿ ಮಾಡಬಲ್ಲರು. ಅಂಕಿಗಳು ಹೊಂದಿದ ಮೇಲೆಯೇ ಡ್ರೈವಿನ ಜೋಡಣೆಯನ್ನು ಮತ್ತೆ ಆರಂಭಿಸಿ, ಶಾಖೆಯವರಿಗೆ ಕೆಲಸ ಮಾಡಲು ಹೇಳಬೇಕು.

ದರ ಮತ್ತು ವಿಳಾಸಗಳನ್ನು ಅಪ್‌ಡೇಟ್ ತಾನಾಗಿ ತಿದ್ದುತ್ತದೆ ಎಂಬ ನಂಬಿಕೆಯೂ ಬೇಡ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಂದಿಗೆ ವಿಜಯನಗರ ಜಿಲ್ಲೆಗೆ ಸೇರಿತು. ಇಂದಿಗೂ ದಾವಣಗೆರೆ ಜಿಲ್ಲೆ ಎಂದು ಮುದ್ರಿತವಾದ ಬಿಲ್ಲುಗಳನ್ನು ನಾನು ಕಾಣುತ್ತಿದ್ದೇನೆ.

ಸರ್ವರ್ ಬಾಡಿಗೆಗೆ ಕೊಟ್ಟವರನ್ನು ಕೆಲವು ಪ್ರಶ್ನೆ ಕೇಳಿ ಉತ್ತರವನ್ನು ಪತ್ರದಲ್ಲಿಯೋ ಇ-ಅಂಚೆಯಲ್ಲಿಯೋ ಪಡೆದುಕೊಳ್ಳಬೇಕು. ಬ್ಯಾಕಪ್ ಎಷ್ಟು ದಿನದವರೆಗಿನದು ಉಳಿದಿರುತ್ತದೆ? ಅದೇ ಸರ್ವರ್‌ನಲ್ಲೋ ಬೇರೆಡೆಯೋ? ನಮಗೆ ತಿಳಿಸದೆ ಅಪ್‌ಡೇಟ್ ಮಾಡುತ್ತಾರೆಯೇ? ಭಾನುವಾರ ರಾತ್ರಿ ಕರೆ ಮಾಡಿದರೆ ಯಾರು ಎತ್ತುತ್ತಾರೆ? ಒಂದು ತಿಂಗಳ ಬಾಡಿಗೆ ತಡವಾದರೆ ಲೆಕ್ಕ ಏನಾಗುತ್ತದೆ? ಏಳು ದಿನದ ಬ್ಯಾಕಪ್ ಮಾತ್ರ ಇದ್ದು, ಲೆಕ್ಕ ಕೆಟ್ಟದ್ದು ಎಂಟನೆಯ ದಿನ ಗೊತ್ತಾದರೆ ಅವರ ಬಳಿ ಇರುವ ಏಳು ಪ್ರತಿಗಳೂ ಕೆಟ್ಟವೇ ಆಗಿರುತ್ತವೆ. ವಾರಕ್ಕೊಮ್ಮೆ ನಿಮ್ಮದೇ ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದು, ಅದನ್ನು ಅಂಗಡಿಯಲ್ಲಿಡದೆ ಮನೆಯ ಕಪಾಟಿನಲ್ಲಿಡಿ. ಒಂದೇ ಪೆನ್‌ಡ್ರೈವನ್ನು ಬಳಸದೆ ಎರಡನ್ನು ಸರದಿಯಂತೆ ಬಳಸಬೇಕು.

ಕೊನೆಯದಾಗಿ ದಿನದ ಆಯ್ಕೆ. ಪ್ರತಿ ತಿಂಗಳು ವಿವರಪಟ್ಟಿ ಸಲ್ಲಿಸುವವರಿಗೆ ಜಿ.ಎಸ್.ಟಿ.ಆರ್-1 11ಕ್ಕೆ, 3ಬಿ 20ಕ್ಕೆ. ತ್ರೈಮಾಸಿಕ ಪದ್ಧತಿಯ ಕರ್ನಾಟಕದವರಿಗೆ ತ್ರೈಮಾಸಿಕ ಮುಗಿದ ಮರುತಿಂಗಳ 22ಕ್ಕೆ 3ಬಿ. ತಂತ್ರಾಂಶ ಕೆಟ್ಟಿತೆಂಬುದು ವಿಳಂಬ ಶುಲ್ಕದಿಂದಾಗಲಿ ಶೇ. 18ರ ಬಡ್ಡಿಯಿಂದಾಗಲಿ ವಿನಾಯಿತಿಗೆ ಕಾರಣವಲ್ಲ. ಆದುದರಿಂದ 23ರಿಂದ ತಿಂಗಳ ಕೊನೆಯೊಳಗೆ, ಸಂತೆಯಿಲ್ಲದ ದಿನ, ಬೆಳಗಿನ ಹೊತ್ತು, ಯು.ಪಿ.ಎಸ್. ಚಾರ್ಜ್ ಆಗಿರುವಾಗ ಅಪ್‌ಡೇಟ್ ಇಟ್ಟುಕೊಳ್ಳಿ. ಹೊಸ ಆವೃತ್ತಿ ಬಿಡುಗಡೆಯಾದ ಮೊದಲ ದಿನವೇ ಹಾಕಿಕೊಳ್ಳುವ ಆತುರವೂ ಬೇಡ. ಕಾನೂನಿನ ಗಡುವು ಇಲ್ಲದಿದ್ದರೆ ಎರಡು ವಾರ ಕಾದು, ಬೇರೆಯವರಿಗೆ ಏನಾಯಿತೆಂದು ವಿಚಾರಿಸಿ, ಅನಂತರ ಹಾಕಿಕೊಂಡರೆ ಸಾಕು. ಭದ್ರತೆಗೆ ಸಂಬಂಧಿಸಿದ ವಿಂಡೋಸ್ ಅಪ್‌ಡೇಟ್‌ಗಳ ವಿಷಯದಲ್ಲಿ ಮಾತ್ರ ಹಾಗೆ ಕಾಯುವುದು ತರವಲ್ಲ.